ಹದಿನಾಲ್ಕು ವರ್ಷಗಳ ಅಗಲಿಕೆ

ಹುಟ್ಟೂರನ್ನು ಬಿಟ್ಟು ದೂರದ ನಾಡಿಗೆ ಹೋಗಿ ನೆಲೆಸುವುದು ಮಾನವನ ಇತಿಹಾಸದಲ್ಲಿ ಹೊಸ ಸಂಗತಿಯೇನೂ ಅಲ್ಲ. ಬರಗಾಲಕ್ಕೆ ಅಂಜಿ ಊರು ಬಿಟ್ಟವರಿದ್ದಾರೆ. ಹೊಟ್ಟೆಪಾಡಿಗಾಗಿ ಕಡಲು ದಾಟಿದವರಿದ್ದಾರೆ. ಯುದ್ಧಕ್ಕೂ ರಾಜ್ಯಕ್ರಾಂತಿಗೂ ಸಿಕ್ಕಿ ಉಟ್ಟ ಬಟ್ಟೆಯಲ್ಲಿ ಹೊರಟವರೂ ಇದ್ದಾರೆ. ಹೀಗೆ ಹೋದವರು ಗಳಿಸಿದ ಹಣವನ್ನೂ ಕೀರ್ತಿಯನ್ನೂ ಜಗತ್ತು ಬೇಗನೆ ಗುರುತಿಸುತ್ತದೆ. ಅದಕ್ಕಾಗಿ ಅವರು ತೆತ್ತ ಬೆಲೆ ಏನೆಂಬುದು ಮಾತ್ರ ಅವರ ಮನೆಯವರಿಗಷ್ಟೇ ತಿಳಿದಿರುತ್ತದೆ. ಕ್ಯೂಬಾ ದೇಶದಲ್ಲಿ ಹುಟ್ಟಿ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆಸರುವಾಸಿಯಾಗಿ, 2024ರಲ್ಲಿ ಅಲ್ಲಿಯೇ ಕಣ್ಮುಚ್ಚಿದ ಲೂಯಿಸ್ ಟಿಯಾಂಟ್ ಎಂಬ ಆಟಗಾರರ ಬಾಳು ಆ ಬೆಲೆಯನ್ನು ನಮಗೆ ಮನಗಾಣಿಸುತ್ತದೆ. ಅವರು ಆಟದ ಮೈದಾನದಲ್ಲಿ ಗೆದ್ದ ಕಥೆಗಿಂತ, ತಂದೆಯಿಂದ ದೂರವಾಗಿ ಕಳೆದ ಹದಿನಾಲ್ಕು ವರ್ಷಗಳ ಕಥೆ ದೊಡ್ಡದು.

ಕ್ಯೂಬಾ ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದು. ಕಬ್ಬಿಗೂ ಹೊಗೆಸೊಪ್ಪಿಗೂ ಹೆಸರಾದ ನಾಡು. ಹವಾನಾ ಅದರ ರಾಜಧಾನಿ. ಉತ್ತರಕ್ಕೆ ಕಡಲು ದಾಟಿದರೆ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿ ಸಿಗುತ್ತದೆ. ಇವೆರಡರ ನಡುವಣ ಅಂತರ ಸುಮಾರು 145 ಕಿಲೋಮೀಟರು. ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟೇ ದೂರ. ಇಷ್ಟು ಸಮೀಪದ ನೆರೆಹೊರೆಯಾದ್ದರಿಂದ ಒಂದು ಕಾಲದಲ್ಲಿ ಈ ಎರಡು ದೇಶಗಳ ನಡುವೆ ಜನರೂ ಸರಕುಗಳೂ ಎಡೆಬಿಡದೆ ಓಡಾಡುತ್ತಿದ್ದವು. ಅವುಗಳೊಡನೆ ಬೇಸ್‌ಬಾಲ್ ಎಂಬ ಆಟವೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಕ್ಯೂಬಾಕ್ಕೆ ಬಂದು ಅಲ್ಲಿನ ಜನರ ಪ್ರಾಣದ ಆಟವಾಯಿತು.

ಈ ಆಟ ನಮಗೆ ಅಷ್ಟು ಪರಿಚಿತವಲ್ಲ. ಆದರೂ ಕ್ರಿಕೆಟ್ ಬಲ್ಲವರಿಗೆ ಅದನ್ನು ಅರಿಯುವುದು ಕಷ್ಟವಲ್ಲ. ಒಂದು ತಂಡದಲ್ಲಿ ಒಂಬತ್ತು ಮಂದಿ ಇರುತ್ತಾರೆ. ಎಸೆತಗಾರನು ಮೈದಾನದ ನಡುವೆ ಒಂದು ಸಣ್ಣ ದಿಬ್ಬದ ಮೇಲೆ ನಿಂತು, ಸುಮಾರು ಹದಿನೆಂಟು ಮೀಟರು ದೂರದಲ್ಲಿರುವ ದಾಂಡಿಗನತ್ತ ಚೆಂಡನ್ನು ಎಸೆಯುತ್ತಾನೆ. ಚೆಂಡು ನೆಲಕ್ಕೆ ತಾಗದೆ ನೇರವಾಗಿ ಸಾಗಬೇಕು. ದಾಂಡಿಗನು ಅದನ್ನು ಹೊಡೆದು, ನಾಲ್ಕು ನೆಲೆಗಳನ್ನು ಸುತ್ತಿ ಮರಳಿದರೆ ಒಂದು ಓಟ. ಪಂದ್ಯದಲ್ಲಿ ಒಂಬತ್ತು ಸರದಿಗಳಿರುತ್ತವೆ. ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಒಂಬತ್ತು ಸರದಿಗಳನ್ನೂ ಒಬ್ಬನೇ ಎಸೆದು ಮುಗಿಸುವುದು ಎಸೆತಗಾರನ ಪಾಲಿಗೆ ದೊಡ್ಡ ಹೆಗ್ಗಳಿಕೆ.

ಲೂಯಿಸ್ ಟಿಯಾಂಟರ ತಂದೆಯ ಹೆಸರೂ ಲೂಯಿಸ್ ಟಿಯಾಂಟ್ ಎಂದೇ. ಅವರನ್ನು ಹಿರಿಯ ಟಿಯಾಂಟ್ ಎಂದು ಕರೆಯೋಣ. 1906ರಲ್ಲಿ ಹುಟ್ಟಿದ ಅವರು ಎಡಗೈ ಎಸೆತಗಾರರು. ತೆಳ್ಳನೆಯ ಮೈಕಟ್ಟಿನ ಆ ಮನುಷ್ಯನ ಕೈಯಿಂದ ಹೊರಟ ಚೆಂಡು ಹೇಗೆ ತಿರುಗುವುದೆಂದು ದಾಂಡಿಗರಿಗೆ ತಿಳಿಯುತ್ತಿರಲಿಲ್ಲ. ಆದರೆ ಅವರು ಕಪ್ಪು ಬಣ್ಣದವರು. ಆ ಕಾಲದಲ್ಲಿ ಅಮೆರಿಕದ ದೊಡ್ಡ ತಂಡಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದವು. ಕಪ್ಪು ಜನಾಂಗದವರು ತಮ್ಮದೇ ಬೇರೆ ತಂಡಗಳನ್ನು ಕಟ್ಟಿಕೊಂಡು ಬೇರೆಯಾಗಿ ಆಡಬೇಕಾಗಿತ್ತು. ಹಿರಿಯ ಟಿಯಾಂಟ್ ಅಂತಹ ನ್ಯೂಯಾರ್ಕ್ ಕ್ಯೂಬನ್ಸ್ ಎಂಬ ತಂಡದಲ್ಲಿ ಆಡಿದರು. ಅಂದಿನ ಕಪ್ಪು ಆಟಗಾರರ ಪಾಡು ಹೇಳತೀರದು. ಊರಿಂದೂರಿಗೆ ಬಸ್ಸಿನಲ್ಲಿ ದೀರ್ಘ ಪ್ರಯಾಣ, ದಾರಿಯಲ್ಲಿ ಅನೇಕ ಹೋಟೆಲುಗಳ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು, ಸಂಬಳ ಅಲ್ಪ, ಅವಮಾನ ಮಾತ್ರ ಧಾರಾಳ. ಅಸ್ಪೃಶ್ಯತೆಯ ಕಹಿಯನ್ನು ಉಂಡ ನಮ್ಮ ದೇಶದವರಿಗೆ ಈ ನೋವು ಅರ್ಥವಾಗದ್ದಲ್ಲ.

1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರ ಬ್ರೂಕ್ಲಿನ್ ತಂಡವನ್ನು ಸೇರಿದಾಗ ಈ ಗೋಡೆ ಬಿರುಕುಬಿಟ್ಟಿತು. ಅದೇ ವರ್ಷ ನ್ಯೂಯಾರ್ಕ್ ಕ್ಯೂಬನ್ಸ್ ಕಪ್ಪು ತಂಡಗಳ ಪೈಕಿ ಅಗ್ರಸ್ಥಾನವನ್ನು ಗೆದ್ದಿತು. ಆದರೆ ಹಿರಿಯ ಟಿಯಾಂಟರಿಗೆ ಆಗಲೇ ನಲವತ್ತು ವರ್ಷ ದಾಟಿತ್ತು. ಬಾಗಿಲು ತೆರೆದಾಗ ಒಳಗೆ ಹೋಗುವ ವಯಸ್ಸು ಅವರದಾಗಿರಲಿಲ್ಲ. ಅವರು ಹವಾನಾಕ್ಕೆ ಮರಳಿ, ಆಟವನ್ನು ಬಿಟ್ಟು, ಬೇರೆ ದುಡಿಮೆಯಿಂದ ಸಂಸಾರ ಸಾಗಿಸತೊಡಗಿದರು.

ಅವರ ಒಬ್ಬನೇ ಮಗ ಲೂಯಿಸ್ ಹುಟ್ಟಿದ್ದು 1940ರ ನವೆಂಬರ್ 23ರಂದು, ಹವಾನಾದ ಮರಿಯಾನೋ ಎಂಬ ಭಾಗದಲ್ಲಿ. ಎಳೆಯ ವಯಸ್ಸಿನಲ್ಲಿಯೇ ಚೆಂಡಿನ ಹುಚ್ಚು ಹಿಡಿದ ಹುಡುಗ. ಮಗನಿಗೆ ತನ್ನ ಕೈಚಳಕ ಬಂದಿದೆ ಎಂದು ಕಂಡ ತಂದೆ ಹಿಗ್ಗಬೇಕಾಗಿತ್ತು, ಅವರು ಅಂಜಿದರು. ತಾನು ಉಂಡ ಅವಮಾನವನ್ನು ಮಗನೂ ಉಣ್ಣಬಾರದು ಎಂಬುದು ಅವರ ಎಣಿಕೆ. ಬೇಸ್‌ಬಾಲ್‌ನಲ್ಲಿ ಕಪ್ಪು ಮನುಷ್ಯನಿಗೆ ಸ್ಥಳವಿಲ್ಲವೆಂದೇ ಅವರು ನಂಬಿದ್ದರು. ತಾಯಿ ಇಸಾಬೆಲ್ ಮಗನ ಪರವಾಗಿ ನಿಂತರು. ಹುಡುಗನ ಆಸೆಯನ್ನು ಚಿವುಟಬಾರದೆಂದು ಅವರು ವಾದಿಸಿದರು. ಕೊನೆಗೆ ತಂದೆ ಒಪ್ಪಿದರು. ಆ ಒಪ್ಪಿಗೆಯಿಂದಲೇ ಮಗ ಮನೆಯಿಂದ ದೂರವಾಗುವನೆಂದು ಅಂದು ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ.

1959ರ ಜನವರಿ 1ರಂದು ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿಹೋದನು. ಫಿಡೆಲ್ ಕ್ಯಾಸ್ಟ್ರೋ ಅವರ ನಾಯಕತ್ವದಲ್ಲಿ ಕ್ರಾಂತಿಕಾರರು ಅಧಿಕಾರಕ್ಕೆ ಬಂದರು. ಅದೇ ವರ್ಷ ಹದಿನೆಂಟರ ಹರೆಯದ ಲೂಯಿಸ್ ಮೆಕ್ಸಿಕೋ ನಗರದ ಒಂದು ತಂಡವನ್ನು ಸೇರಿದನು. ಬೇಸಗೆಯಲ್ಲಿ ಮೆಕ್ಸಿಕೋದಲ್ಲಿ ಆಡುವುದು, ಋತು ಮುಗಿದೊಡನೆ ಮನೆಗೆ ಮರಳುವುದು, ಹೀಗೆಯೇ ಬಾಳು ಸಾಗುವುದೆಂದು ಅವನು ತಿಳಿದಿದ್ದನು. ಮೆಕ್ಸಿಕೋದಲ್ಲಿಯೇ ಮಾರಿಯಾ ಎಂಬ ಯುವತಿಯ ಪರಿಚಯವಾಯಿತು. 1961ರಲ್ಲಿ ಅವರಿಬ್ಬರ ವಿವಾಹವೂ ನೆರವೇರಿತು. ಹೊಸ ಸೊಸೆಯನ್ನು ಕರೆದುಕೊಂಡು ಹವಾನಾಕ್ಕೆ ಹೋಗುವ ಸಿದ್ಧತೆ ನಡೆದಿತ್ತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಆ ವರ್ಷದ ಜನವರಿಯಲ್ಲಿ ಅಮೆರಿಕವು ಕ್ಯೂಬಾದೊಡನೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ಏಪ್ರಿಲ್‌ನಲ್ಲಿ ಅಮೆರಿಕದ ಬೆಂಬಲ ಪಡೆದ ಕ್ಯೂಬಾದ ದೇಶಭ್ರಷ್ಟರು ಬೇ ಆಫ್ ಪಿಗ್ಸ್ ಎಂಬಲ್ಲಿ ದಾಳಿ ನಡೆಸಿ ಸೋತರು. ಎರಡು ದೇಶಗಳ ನಡುವೆ ಹಗೆತನ ಬಲಿಯಿತು. ಕ್ಯೂಬಾದಿಂದ ಹೊರಹೋಗುವುದು ದುಸ್ತರವಾಯಿತು. ಹಣಕ್ಕಾಗಿ ಆಡುವ ಆಟವನ್ನು ಹೊಸ ಸರಕಾರ ನಿಲ್ಲಿಸಿತು. ಆಗ ಹಿರಿಯ ಟಿಯಾಂಟ್ ಮಗನಿಗೆ ಒಂದು ಪತ್ರ ಬರೆದರು. ಊರಿಗೆ ಬರಬೇಡ, ಬಂದರೆ ಮತ್ತೆ ಹೊರಗೆ ಹೋಗಲಾರೆ, ಅಲ್ಲಿಯೇ ಇದ್ದು ನಿನ್ನ ಬಾಳನ್ನು ಕಟ್ಟಿಕೋ ಎಂಬುದು ಆ ಪತ್ರದ ತಾತ್ಪರ್ಯ.

ಒಬ್ಬನೇ ಮಗ. ಹೊಸದಾಗಿ ಮದುವೆಯಾದವನು. ಸೊಸೆಯ ಮುಖವನ್ನು ನೋಡಬೇಕೆಂದು ಕಾದು ಕುಳಿತ ತಾಯಿ. ಅಂತಹ ಮಗನಿಗೆ ಬರಬೇಡವೆಂದು ಬರೆಯುವಾಗ ಆ ತಂದೆಯ ಕೈ ಎಷ್ಟು ನಡುಗಿರಬೇಕು! ಮಗ ಆಟಗಾರನಾಗುವುದೇ ಬೇಡವೆಂದಿದ್ದ ಅದೇ ತಂದೆ, ಈಗ ಮಗನ ಆಟ ಉಳಿಯಲೆಂದು ಮಗನನ್ನೇ ಬಿಟ್ಟುಕೊಟ್ಟರು. ರಾಮಾಯಣವನ್ನು ಬಲ್ಲ ನಮಗೆ ಇಲ್ಲಿ ದಶರಥನ ನೆನಪು ಬಾರದಿರದು. ಅಲ್ಲಿಯೂ ಮಗನು ತಂದೆಯ ಮಾತಿಗಾಗಿ ಹದಿನಾಲ್ಕು ವರ್ಷ ಮನೆಯಿಂದ ದೂರವಿದ್ದನು. ಆದರೆ ಕೈಕೇಯಿಗೆ ಕೊಟ್ಟ ವರಕ್ಕೆ ದಶರಥ ಕಟ್ಟುಬಿದ್ದಿದ್ದನು. ಈ ತಂದೆಯನ್ನು ಯಾವ ವರವೂ ಕಟ್ಟಿರಲಿಲ್ಲ. ಮಗನ ಹಿತವೊಂದೇ ಅವರಿಂದ ಆ ಪತ್ರವನ್ನು ಬರೆಯಿಸಿತು.

ಇಂತಹ ಅಗಲಿಕೆ ಟಿಯಾಂಟ್ ಮನೆತನಕ್ಕೆ ಮಾತ್ರ ಒದಗಿದ್ದಲ್ಲ. 1960ರಿಂದ 1962ರವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕ್ಯೂಬಾದ ಮಕ್ಕಳನ್ನು ಅವರ ತಂದೆತಾಯಿಗಳು ತಾವು ಅಲ್ಲಿಯೇ ಉಳಿದು ಅಮೆರಿಕಕ್ಕೆ ವಿಮಾನದಲ್ಲಿ ಕಳುಹಿಸಿಕೊಟ್ಟರು. 1965ರಿಂದ 1973ರವರೆಗೆ ಎರಡು ಸರಕಾರಗಳ ಒಪ್ಪಂದದಂತೆ ಹಾರಿದ ವಿಮಾನಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನ ಫ್ಲಾರಿಡಾಕ್ಕೆ ಬಂದರು. 1980ರಲ್ಲಿ ಮರಿಯೆಲ್ ಎಂಬ ಬಂದರಿನಿಂದ ದೋಣಿಗಳಲ್ಲಿ ಸುಮಾರು ಒಂದೂಕಾಲು ಲಕ್ಷ ಜನ ಹೊರಟರು. ಕ್ರಾಂತಿಯಿಂದ ಬಡವರಿಗೆ ಅಕ್ಷರವೂ ಔಷಧವೂ ದೊರೆತವೆಂದು ಹೇಳುವವರಿದ್ದಾರೆ. ಆಸ್ತಿಯೂ ಸ್ವಾತಂತ್ರ್ಯವೂ ಹೋದವೆಂದು ಹೇಳುವವರಿದ್ದಾರೆ. ಈ ವಾದದಲ್ಲಿ ಯಾರ ಪಕ್ಷ ಹಿಡಿದರೂ ಒಂದು ಮಾತನ್ನು ಒಪ್ಪಲೇಬೇಕು. ದೊಡ್ಡವರ ಹಗೆತನಕ್ಕೆ ಸಿಕ್ಕಿ ಸಾವಿರಾರು ಮನೆಗಳು ಎರಡಾದವು. ಒಂದೇ ಮನೆಯ ಜನ ನೂರೈವತ್ತು ಕಿಲೋಮೀಟರು ನೀರಿನ ಆಚೆಗೊಬ್ಬರು ಈಚೆಗೊಬ್ಬರು ಉಳಿದರು.

ಲೂಯಿಸ್ ತಂದೆಯ ಮಾತನ್ನು ಪಾಲಿಸಿದರು. ಅಮೆರಿಕದ ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಗುರುತಿಸಿ, ಮೊದಲು ಸಣ್ಣ ಊರುಗಳ ಕಿರಿಯ ತಂಡಗಳಲ್ಲಿ ಆಡಲು ಕಳುಹಿಸಿತು. ಅವರಿಗೆ ಇಂಗ್ಲಿಷ್ ಬಾರದು. ದಕ್ಷಿಣದ ಊರುಗಳಲ್ಲಿ ಬಿಳಿಯ ಜೊತೆಗಾರರು ಉಣ್ಣುವ ಹೋಟೆಲಿನಲ್ಲಿ ಅವರು ಉಣ್ಣುವಂತಿರಲಿಲ್ಲ. ತಂದೆ ಎಚ್ಚರಿಸಿದ್ದ ಅವಮಾನ ಮಗನನ್ನೂ ಹುಡುಕಿಕೊಂಡು ಬಂದಿತ್ತು. ಅದಕ್ಕೆ ಅವರು ಚೆಂಡಿನಿಂದಲೇ ಉತ್ತರ ಕೊಟ್ಟರು. 1964ರ ಜುಲೈ 19ರಂದು ಕ್ಲೀವ್‌ಲ್ಯಾಂಡ್ ತಂಡದ ಪರವಾಗಿ ಮೊದಲ ಬಾರಿಗೆ ದಿಬ್ಬವನ್ನೇರಿದ ಅವರು, ಆ ಕಾಲದ ಅತಿ ಬಲಿಷ್ಠ ತಂಡವಾದ ನ್ಯೂಯಾರ್ಕ್ ಯಾಂಕೀಸನ್ನು ಅವರದೇ ಮೈದಾನದಲ್ಲಿ ಎದುರಿಸಿದರು. ಎದುರಾಳಿಗಳಿಗೆ ಒಂದು ಓಟವೂ ದೊರೆಯಲಿಲ್ಲ. ಹನ್ನೊಂದು ದಾಂಡಿಗರು ಚೆಂಡನ್ನು ಮುಟ್ಟಲಾರದೆ ಹಿಂದಿರುಗಿದರು. 1968ರಲ್ಲಿ ಅವರು 21 ಪಂದ್ಯಗಳನ್ನು ಗೆದ್ದರು. ಅವುಗಳಲ್ಲಿ ಒಂಬತ್ತರಲ್ಲಿ ಎದುರಾಳಿಗಳಿಗೆ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ.

ಅವರು ಚೆಂಡೆಸೆಯುವ ರೀತಿಯೇ ವಿಚಿತ್ರವಾಗಿತ್ತು. ಎಸೆಯುವ ಮುನ್ನ ದಾಂಡಿಗನಿಗೆ ಬೆನ್ನು ತಿರುಗಿಸಿ ನಿಲ್ಲುವರು. ಮುಖವೆತ್ತಿ ಆಕಾಶವನ್ನು ನೋಡುವರು. ಮರುಕ್ಷಣ ಗಿರ್ರನೆ ತಿರುಗುವರು. ಚೆಂಡು ಯಾವ ಎತ್ತರದಿಂದ, ಯಾವ ವೇಗದಲ್ಲಿ ಬರುವುದೆಂದು ದಾಂಡಿಗನು ಊಹಿಸುವಷ್ಟರಲ್ಲಿ ಅದು ಅವನನ್ನು ದಾಟಿ ಹೋಗಿರುತ್ತಿತ್ತು. ಜನ ಈ ನೋಟಕ್ಕೆಂದೇ ಮೈದಾನಕ್ಕೆ ಬರುತ್ತಿದ್ದರು.

ಆದರೆ ಏರಿದವನಿಗೆ ಇಳಿತವೂ ಇದೆ. 1969ರಲ್ಲಿ ಅವರು ಇಪ್ಪತ್ತು ಪಂದ್ಯಗಳನ್ನು ಸೋತರು. ಮರುವರ್ಷ ಬೇರೊಂದು ತಂಡಕ್ಕೆ ಹೋದಾಗ ಎಸೆಯುವ ತೋಳಿನ ಹೆಗಲ ಮೂಳೆ ಬಿರುಕುಬಿಟ್ಟಿತು. 1971ರ ವಸಂತದಲ್ಲಿ ಆ ತಂಡ ಅವರನ್ನು ಕೈಬಿಟ್ಟಿತು. ಮೂವತ್ತು ವರ್ಷ ವಯಸ್ಸು. ನಂಬಿದ ತೋಳು ನೋಯುತ್ತಿದೆ. ಹೆಂಡತಿ ಮಕ್ಕಳ ಹೊಣೆ ತಲೆಯ ಮೇಲಿದೆ. ಹುಟ್ಟಿದ ಮನೆಗೆ ಹಿಂದಿರುಗಲು ದಾರಿಯಿಲ್ಲ. ಪರನಾಡಿಗೆ ಹೋದವನು ಸೋತಾಗ ಅವನ ಬೆನ್ನಿಗೆ ಊರಿಲ್ಲ, ಕೇರಿಯಿಲ್ಲ. ಲೂಯಿಸ್ ಎದೆಗೆಡಲಿಲ್ಲ. ಮತ್ತೆ ಕಿರಿಯ ತಂಡಗಳಲ್ಲಿ ಹುಡುಗರೊಡನೆ ಆಡಿ, ಹೆಗಲಿಗೆ ಬಲವನ್ನು ಮರಳಿ ತಂದುಕೊಂಡು, ಅದೇ ವರ್ಷ ಬೋಸ್ಟನ್ ರೆಡ್ ಸಾಕ್ಸ್ ತಂಡವನ್ನು ಸೇರಿದರು. ಮೊದಲ ವರ್ಷ ಅಲ್ಲಿಯೂ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಏಳು. ಮರುವರ್ಷ, 1972ರಲ್ಲಿ, ಹದಿನೈದು ಪಂದ್ಯಗಳನ್ನು ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದರು. 1973ರಲ್ಲಿ ಇಪ್ಪತ್ತು, 1974ರಲ್ಲಿ ಇಪ್ಪತ್ತೆರಡು ಗೆಲುವುಗಳು. ಬೋಸ್ಟನ್ನಿನ ಫೆನ್‌ವೇ ಕ್ರೀಡಾಂಗಣದಲ್ಲಿ ಅವರು ದಿಬ್ಬದತ್ತ ನಡೆದಾಗಲೆಲ್ಲ ಸಾವಿರಾರು ಕಂಠಗಳು "ಲೂ-ಇ, ಲೂ-ಇ" ಎಂದು ಒಂದಾಗಿ ಕೂಗುತ್ತಿದ್ದವು.

ಆ ಸಾವಿರಾರು ಜನರ ನಡುವೆ ಇರಬೇಕಾಗಿದ್ದ ಇಬ್ಬರು ಮಾತ್ರ ಇರಲಿಲ್ಲ. ಆಟವನ್ನು ಬಲ್ಲ ತಂದೆ ಮಗನ ಒಂದು ಎಸೆತವನ್ನೂ ಅಮೆರಿಕದ ಮೈದಾನದಲ್ಲಿ ಕಂಡಿರಲಿಲ್ಲ. ಹೆತ್ತವರು ವೃದ್ಧರಾಗುತ್ತಿದ್ದರು. ತಾನು ಹೋಗಲಾರೆ, ಅವರು ಬರಲಾರರು. ಕಡೆಗಾಲಕ್ಕಾದರೂ ಒಮ್ಮೆ ಮುಖ ನೋಡುವ ಭಾಗ್ಯವಿದೆಯೇ ಎಂಬ ಚಿಂತೆ ಮಗನನ್ನು ಬಾಧಿಸುತ್ತಿತ್ತು. ಬೋಸ್ಟನ್ನಿನವರಿಗೆಲ್ಲ ಈ ಸಂಗತಿ ತಿಳಿದಿತ್ತು.

1975ರ ಮೇ ತಿಂಗಳಿನಲ್ಲಿ ಜಾರ್ಜ್ ಮೆಕ್‌ಗವರ್ನ್ ಎಂಬ ಅಮೆರಿಕದ ಸೆನೆಟ್ ಸದಸ್ಯರು ಕ್ಯೂಬಾಕ್ಕೆ ಹೋಗುವವರಿದ್ದರು. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟ್ ಸದಸ್ಯ ಎಡ್ವರ್ಡ್ ಬ್ರೂಕ್ ಕ್ಯಾಸ್ಟ್ರೋ ಅವರಿಗೆ ಒಂದು ಪತ್ರ ಬರೆದು ಅವರ ಕೈಯಲ್ಲಿ ಕೊಟ್ಟರು. ಲೂಯಿಸ್ ಟಿಯಾಂಟರ ತಂದೆತಾಯಿಗಳು ಬೋಸ್ಟನ್ನಿಗೆ ಬಂದು ಮಗನನ್ನು ಕಾಣಲು ಅನುಮತಿ ನೀಡಬೇಕೆಂಬುದು ಅದರಲ್ಲಿದ್ದ ವಿನಂತಿ. ಕ್ಯಾಸ್ಟ್ರೋ ಸ್ವತಃ ಬೇಸ್‌ಬಾಲ್ ಪ್ರಿಯರು. ಅವರು ಒಪ್ಪಿದರು. ಇಷ್ಟಬಂದಷ್ಟು ಕಾಲ ಅಲ್ಲಿರಬಹುದೆಂದೂ ತಿಳಿಸಿದರು. ಒಂದು ಪತ್ರದಿಂದ ಮುಚ್ಚಿದ ಬಾಗಿಲು ಇನ್ನೊಂದು ಪತ್ರದಿಂದ ತೆರೆಯಿತು.

1975ರ ಆಗಸ್ಟ್ 21ರಂದು ಬೋಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಹಿರಿಯ ಟಿಯಾಂಟ್ ದಂಪತಿಗಳು ಇಳಿದರು. ಸೊಸೆಯೂ ಮೊಮ್ಮಕ್ಕಳೂ ಅವರಿಗಾಗಿ ಕಾದಿದ್ದರು. ಪತ್ರಿಕೆಗಳವರೂ ಛಾಯಾಗ್ರಾಹಕರೂ ಸುತ್ತುವರಿದಿದ್ದರು. ಮೂವತ್ತನಾಲ್ಕು ವರ್ಷದ ಮಗ, ಎಷ್ಟೋ ದಾಂಡಿಗರ ಎದೆ ನಡುಗಿಸಿದ ಎಸೆತಗಾರ, ತಂದೆಯನ್ನು ತಬ್ಬಿಕೊಂಡು ಮಗುವಿನಂತೆ ಅತ್ತರು. ಅಳಬೇಡವೆಂದು ತಂದೆ ಮಗನನ್ನು ಸಂತೈಸಿದರು. ಇಪ್ಪತ್ತರ ಹರೆಯದಲ್ಲಿ ಬೀಳ್ಕೊಂಡ ಮಗ ಈಗ ಮೂರು ಮಕ್ಕಳ ತಂದೆ. ಬೀಳ್ಕೊಟ್ಟ ತಂದೆಗೆ ಈಗ ಎಪ್ಪತ್ತು ಸಮೀಪಿಸಿತ್ತು.

ಐದು ದಿನಗಳ ತರುವಾಯ, ಆಗಸ್ಟ್ 26ರ ಸಂಜೆ, ಫೆನ್‌ವೇ ಕ್ರೀಡಾಂಗಣದಲ್ಲಿ ಪಂದ್ಯವಿತ್ತು. ಅಮೆರಿಕದಲ್ಲಿ ಆಟ ಆರಂಭವಾಗುವ ಮುನ್ನ ಗಣ್ಯರೊಬ್ಬರಿಂದ ಮೊದಲ ಚೆಂಡನ್ನು ಎಸೆಯಿಸುವ ಸಂಪ್ರದಾಯವುಂಟು. ಅಂದು ಆ ಗೌರವ ಹಿರಿಯ ಟಿಯಾಂಟರಿಗೆ ಸಂದಿತು. ತಂದೆ ಮಗ ಇಬ್ಬರೂ ಜೊತೆಯಾಗಿ ದಿಬ್ಬದತ್ತ ನಡೆದರು. ಜನಸ್ತೋಮ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುದುಕರು ತಮ್ಮ ಕೋಟನ್ನು ಕಳಚಿ ಮಗನ ಕೈಗೆ ಕೊಟ್ಟರು. ಎಡಗೈಯಲ್ಲಿ ಚೆಂಡನ್ನು ಹಿಡಿದು, ಹಳೆಯ ಠೀವಿಯಿಂದ ಮೈಯನ್ನು ತಿರುಗಿಸಿ ಎಸೆದರು. ಚೆಂಡು ತುಸು ತಗ್ಗಾಗಿ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಕೈಬೀಸಿ ಹಿಂದಿರುಗುತ್ತಿದ್ದರು. ಹಿರಿಯ ಟಿಯಾಂಟ್ ಹಿಂದಿರುಗಲಿಲ್ಲ. ಚೆಂಡನ್ನು ಮರಳಿ ಕೇಳಿದರು. ಎರಡನೆಯ ಬಾರಿ ಎಸೆದರು. ಈ ಸಲ ಅದು ಗುರಿತಪ್ಪದೆ ವೇಗವಾಗಿ ಹೋಗಿ ಕೈಚೀಲವನ್ನು ಸೇರಿತು. ಕ್ರೀಡಾಂಗಣ ಮೊಳಗಿತು. ಬೇಕಾದರೆ ಇನ್ನೂ ನಾಲ್ಕೈದು ಸರದಿ ಎಸೆಯಬಲ್ಲೆನೆಂದು ಮುದುಕರು ಮಗನೊಡನೆ ನಗೆಯಾಡಿದರಂತೆ. ಬಣ್ಣದ ಕಾರಣದಿಂದ ಯಾವ ದಿಬ್ಬದ ಮೇಲೆ ನಿಲ್ಲುವ ಅವಕಾಶ ಅವರ ಯೌವನಕ್ಕೆ ದೊರೆಯಲಿಲ್ಲವೋ, ಅಂತಹ ದಿಬ್ಬದ ಮೇಲೆ ಅವರನ್ನು ಮಗನ ಕೀರ್ತಿ ತಂದು ನಿಲ್ಲಿಸಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಬೋಸ್ಟನ್ ತಂಡ ವಿಶ್ವಸರಣಿ ಎಂದು ಕರೆಯುವ ಅಂತಿಮ ಪಂದ್ಯಗಳಿಗೆ ತೇರ್ಗಡೆ ಹೊಂದಿತು. ಮೊದಲ ಪಂದ್ಯದಲ್ಲಿ ಲೂಯಿಸ್ ಸಿನ್ಸಿನಾಟಿ ತಂಡಕ್ಕೆ ಒಂದು ಓಟವನ್ನೂ ಕೊಡದೆ ಗೆದ್ದರು. ನಾಲ್ಕನೆಯ ಪಂದ್ಯದಲ್ಲಿ 163 ಬಾರಿ ಚೆಂಡನ್ನೆಸೆದು, ಬಸವಳಿದರೂ ದಿಬ್ಬ ಬಿಟ್ಟು ಇಳಿಯದೆ, ಒಂದು ಓಟದ ಅಂತರದಿಂದ ಜಯ ತಂದರು. ಏಳು ಪಂದ್ಯಗಳ ಆ ಸರಣಿಯನ್ನು ಕೊನೆಗೆ ಬೋಸ್ಟನ್ ಸೋತಿತು. ಆದರೆ ಹೆತ್ತವರು ಹತ್ತಿರವಿದ್ದ ಆ ಶರತ್ಕಾಲದಲ್ಲಿ ಮಗ ಆಡಿದ ಆಟವನ್ನು ಬೋಸ್ಟನ್ನಿನ ಜನ ಮರೆಯಲಿಲ್ಲ.

ತಂದೆತಾಯಿಗಳು ಕ್ಯೂಬಾಕ್ಕೆ ಹಿಂದಿರುಗಲಿಲ್ಲ. ಮಗನ ಮನೆಯಲ್ಲಿ, ಸೊಸೆ ಮೊಮ್ಮಕ್ಕಳ ನಡುವೆ ಉಳಿದರು. ಆ ಸುಖ ಬಹುಕಾಲ ಬಾಳಲಿಲ್ಲ. 1976ರ ಡಿಸೆಂಬರಿನಲ್ಲಿ ಹಿರಿಯ ಟಿಯಾಂಟ್ ಕಾಯಿಲೆಯಿಂದ ತೀರಿಕೊಂಡರು. ಕೆಲವೇ ದಿನಗಳಲ್ಲಿ ತಾಯಿ ಇಸಾಬೆಲ್ ಕೂಡ ಅವರನ್ನು ಹಿಂಬಾಲಿಸಿದರು. ಹದಿನಾಲ್ಕು ವರ್ಷಗಳ ಅಗಲಿಕೆಗೆ ಪ್ರತಿಯಾಗಿ ದೊರೆತ ಕೂಡುಬಾಳು ಹದಿನಾರು ತಿಂಗಳು ಮಾತ್ರ. ಆದರೂ ದಶರಥನಿಗೆ ದೊರೆಯದ ಭಾಗ್ಯ ಈ ತಂದೆಗೆ ದೊರೆಯಿತು. ದೂರವಿರೆಂದು ತಾವೇ ಹೇಳಿದ ಮಗನನ್ನು ಮರಳಿ ಕಂಡು, ಅವನ ಮನೆಯಲ್ಲಿಯೇ ಕೊನೆಯ ದಿನಗಳನ್ನು ಕಳೆದರು.

ಲೂಯಿಸ್ 1982ರವರೆಗೆ ಆಡಿದರು. ಒಟ್ಟು 229 ಪಂದ್ಯಗಳನ್ನು ಗೆದ್ದುಕೊಟ್ಟರು. ಅಮೆರಿಕದ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ಕೊಡಬೇಕೆಂದು ಅಭಿಮಾನಿಗಳು ಹಲವು ವರ್ಷ ಒತ್ತಾಯಿಸಿದರೂ ಅವರು ಬದುಕಿರುವವರೆಗೆ ಆ ಗೌರವ ದೊರೆಯಲಿಲ್ಲ. ಆಟದಿಂದ ನಿವೃತ್ತರಾದ ಮೇಲೆ ಕಿರಿಯರಿಗೆ ಕಲಿಸುತ್ತ, ಹೆಂಡತಿ ಮಕ್ಕಳೊಡನೆ ಬಾಳಿದರು. 2007ರಲ್ಲಿ, ನಲವತ್ತಾರು ವರ್ಷಗಳ ತರುವಾಯ, ಮೊದಲ ಬಾರಿಗೆ ಹುಟ್ಟೂರಿಗೆ ಹೋಗುವ ಅವಕಾಶ ಅವರಿಗೆ ಒದಗಿತು. ಇಪ್ಪತ್ತರ ಹರೆಯದಲ್ಲಿ ಬಿಟ್ಟ ಹವಾನಾದ ಬೀದಿಗಳಲ್ಲಿ ಅರವತ್ತಾರರ ವೃದ್ಧರಾಗಿ ನಡೆದರು. ಉಳಿದಿದ್ದ ಬಂಧುಗಳನ್ನು ಕಂಡು ಕಣ್ಣೀರಿಟ್ಟರು. ಅನೇಕರು ಅಷ್ಟರಲ್ಲಿ ಇಲ್ಲವಾಗಿದ್ದರು. ಆ ಪ್ರಯಾಣವನ್ನು ಕುರಿತ ಸಾಕ್ಷ್ಯಚಿತ್ರವೊಂದು 2009ರಲ್ಲಿ ಹೊರಬಂದಿತು. 2024ರ ಅಕ್ಟೋಬರ್ 8ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಮೇನ್ ರಾಜ್ಯದ ತಮ್ಮ ಮನೆಯಲ್ಲಿ ನಿಧನರಾದರು. 1961ರಲ್ಲಿ ಕೈಹಿಡಿದ ಮಾರಿಯಾ ಅರವತ್ತು ವರ್ಷಗಳಿಗೂ ಮಿಕ್ಕಿ ಅವರೊಡನೆ ಬಾಳಿದರು.

ಆಟಗಾರನ ಗೆಲುವುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ತಂದೆಯೊಬ್ಬನು ಮಗನಿಗಾಗಿ ನುಂಗಿಕೊಂಡ ದುಃಖಕ್ಕೆ ಅಂತಹ ಲೆಕ್ಕವಿಲ್ಲ. ಹಿರಿಯ ಟಿಯಾಂಟ್ ಮಗನನ್ನು ತನ್ನ ಬಳಿಗೆ ಕರೆಯಬಹುದಾಗಿತ್ತು; ಕರೆಯಲಿಲ್ಲ. ಮಗನು ಸೋತ ದಿನ ಕೈಚೆಲ್ಲಬಹುದಾಗಿತ್ತು, ಚೆಲ್ಲಲಿಲ್ಲ. ತಂದೆಯ ತ್ಯಾಗ ವ್ಯರ್ಥವಾಗದಂತೆ ಬಾಳುವುದೇ ಮಗನು ಅದಕ್ಕೆ ಸಲ್ಲಿಸಬಹುದಾದ ಕಾಣಿಕೆ. ಲೂಯಿಸ್ ಟಿಯಾಂಟ್ ಹಾಗೆ ಬಾಳಿದರು. ನಮ್ಮ ಊರುಗಳಿಂದಲೂ ಓದಿಗಾಗಿ, ದುಡಿಮೆಗಾಗಿ ಮಕ್ಕಳು ದೂರ ಹೋಗುತ್ತಾರೆ. ಅವರನ್ನು ನಗುಮುಖದಿಂದ ಕಳುಹಿಸಿ, ಬಾಗಿಲಲ್ಲಿ ನಿಂತು ದಾರಿ ನೋಡುವ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಹೋಗುವವರಿಗೆ ಮರಳಿ ಬರುವ ದಾರಿ ತೆರೆದಿರುವಾಗ ಆ ಹಿರಿಯರನ್ನು ಮರೆಯದಿರುವುದು ಅವರ ಕರ್ತವ್ಯ.

ಪದಗಳ ಅರ್ಥ

ತೆತ್ತ – ಕೊಟ್ಟ
ಹೆಗ್ಗಳಿಕೆ – ಹಿರಿಮೆ
ದುಸ್ತರ – ದಾಟಲು ಕಷ್ಟವಾದ
ದೇಶಭ್ರಷ್ಟ – ಸ್ವದೇಶದಿಂದ ಹೊರದೂಡಲ್ಪಟ್ಟವನು
ತಾತ್ಪರ್ಯ – ಸಾರಾಂಶ
ಎದೆಗೆಡು – ಧೈರ್ಯಗುಂದು
ಠೀವಿ – ಗತ್ತು, ಗಾಂಭೀರ್ಯ
ಬಸವಳಿ – ಬಹಳ ಆಯಾಸಗೊಳ್ಳು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕ್ಯೂಬಾಕ್ಕೂ ಫ್ಲಾರಿಡಾಕ್ಕೂ ನಡುವಣ ಅಂತರವೆಷ್ಟು?
2. ಹಿರಿಯ ಟಿಯಾಂಟ್ ಅಮೆರಿಕದಲ್ಲಿ ಯಾವ ತಂಡದ ಪರವಾಗಿ ಆಡಿದರು?
3. ಕ್ಯಾಸ್ಟ್ರೋ ಅವರಿಗೆ ಪತ್ರ ಬರೆದ ಸೆನೆಟ್ ಸದಸ್ಯರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಗ ಬೇಸ್‌ಬಾಲ್ ಆಡುವುದು ಬೇಡವೆಂದು ತಂದೆ ಏಕೆ ಬಯಸಿದರು?
2. 1961ರಲ್ಲಿ ತಂದೆ ಮಗನಿಗೆ ಬರೆದ ಪತ್ರದ ಹಿನ್ನೆಲೆಯನ್ನು ತಿಳಿಸಿರಿ.
3. ಫೆನ್‌ವೇ ಕ್ರೀಡಾಂಗಣದಲ್ಲಿ ಹಿರಿಯ ಟಿಯಾಂಟ್ ಮೊದಲ ಚೆಂಡನ್ನು ಎಸೆದ ಪ್ರಸಂಗವನ್ನು ವರ್ಣಿಸಿರಿ.
4. ದಶರಥನಿಗೂ ಹಿರಿಯ ಟಿಯಾಂಟರಿಗೂ ಇರುವ ಹೋಲಿಕೆ, ವ್ಯತ್ಯಾಸಗಳೇನು?

ಇ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಬಾಗಿಲು ತೆರೆದಾಗ ಒಳಗೆ ಹೋಗುವ ವಯಸ್ಸು ಅವರದಾಗಿರಲಿಲ್ಲ."
2. "ಒಂದು ಪತ್ರದಿಂದ ಮುಚ್ಚಿದ ಬಾಗಿಲು ಇನ್ನೊಂದು ಪತ್ರದಿಂದ ತೆರೆಯಿತು."

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಹುಟ್ಟೂರು, ಮನೆಯಲ್ಲಿ, ಕ್ರೀಡಾಂಗಣ